ಯಾವ ಹೋರೀದು ಹಾಕಿದ್ರಿ?

ಆಕಳು ಹೀಟಿಗೆ ಬಂತೆಂದು ದನದ ದವಾಖಾನೆಗೆ ಫೋನ್ ಮಾಡುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಸರ್ರ, ಯಾವುದರ ಚಲೋ ಹೋರೀದು ಹಾಕ್ರಿ.’ ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಆದ ಮೇಲೆ ಅದು ಯಾವ ತಳಿ, ಹೋರಿಯ ನಂಬರ್ ಏನು, ಅದರ ತಾಯಿ ಎಷ್ಟು ಹಾಲು ಕೊಟ್ಟಿದ್ದಳು ಎಂದು ಕೇಳುವವರು ಕಡಿಮೆ. ಒಂದು ಎತ್ತು ಕೊಳ್ಳಲು ನಾಲ್ಕು ಸಂತೆ ಅಲೆದು, ಹಲ್ಲು ಹಿಡಿದು, ಸುಳಿ ನೋಡಿ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಮನುಷ್ಯ, ಮುಂದಿನ ಎಂಟು-ಹತ್ತು ವರ್ಷ ತನ್ನ ಮನೆಯಲ್ಲಿ ನಿಲ್ಲುವ ಆಕಳಿನ ಅಪ್ಪ ಯಾರೆಂಬುದನ್ನು ಮಾತ್ರ ಬೇರೆಯವರ ಕೈಗೆ ಬಿಟ್ಟುಬಿಡುತ್ತಾನೆ.

ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯನ್ನು ಕಣ್ಣ ಮುಂದಿಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ತುಂಗಭದ್ರೆಯ ದಂಡೆಯ ಊರು ಅದು. ಸೇತುವೆ ದಾಟಿದರೆ ಆಚೆ ಹೂವಿನಹಡಗಲಿ ತಾಲೂಕಿನ ಮದಲಗಟ್ಟಿ. ಹೊಳೆಯ ನೀರು ಸಿಗುವ ಹೊಲದಲ್ಲಿ ಕಬ್ಬು, ಮೆಕ್ಕೆಜೋಳ, ಭತ್ತ. ಹೊಳೆ ಬಿಟ್ಟು ಕಪ್ಪತಗುಡ್ಡದ ಕಡೆಗೆ ಸರಿದಂತೆ ಮಳೆಯನ್ನೇ ನಂಬಿದ ಹೊಲ: ಜೋಳ, ಶೇಂಗಾ, ಕಡಲೆ, ಸೂರ್ಯಕಾಂತಿ. ಒಬ್ಬನಿಗೆ ವರ್ಷದ ಹೆಚ್ಚು ತಿಂಗಳು ಹಸಿ ಮೇವು ಸಿಕ್ಕರೆ, ಇನ್ನೊಬ್ಬನ ದನಕ್ಕೆ ಯುಗಾದಿ ಕಳೆದ ಮೇಲೆ ಒಣ ಕಣಕಿಯೇ ಗತಿ. ಇವರಿಬ್ಬರ ಆಕಳಿಗೂ ಒಂದೇ ಹೋರಿ ಆಗಿಬರುವುದಿಲ್ಲ. ಹೋರಿ ಆರಿಸುವ ಕೆಲಸ ಗೋದಲಿಯಲ್ಲಿ ಏನಿದೆ ಎಂದು ನೋಡುವುದರಿಂದ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈಕಟ್ಟಿನ ಮೋಸ

ಗದಗ, ಹಾವೇರಿ ಸೀಮೆಯ ಜನಕ್ಕೆ ಹೋರಿ ಎಂದರೆ ಮೊದಲು ನೆನಪಾಗುವುದು ಅದರ ಖದರು. ಎತ್ತರದ ಇಣಿ, ತಿದ್ದಿ ಎರೆದ ಕೋಡು, ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡು ಅಖಾಡದಲ್ಲಿ ಜನರ ಮಧ್ಯೆ ನುಗ್ಗುವ ಓಟ. ಆ ಹೋರಿಗೆ ಅದರದೇ ಮರ್ಯಾದೆ ಇದೆ, ಇರಲಿ. ಆದರೆ ಹಾಲಿಗೆ ಆ ಮೈಕಟ್ಟಿನಿಂದ ಏನೂ ತಿಳಿಯುವುದಿಲ್ಲ. ಹೋರಿ ಹಾಲು ಕರೆಯುವುದಿಲ್ಲ. ಹಾಲಿನ ಗುಣ ಅದರ ರಕ್ತದಲ್ಲಿ ಅಡಗಿರುತ್ತದೆ. ಅದು ಬಯಲಾಗುವುದು ಎರಡೇ ಕಡೆ: ಹಿಂದಕ್ಕೆ ನೋಡಿದರೆ ಅದರ ತಾಯಿ, ಅಜ್ಜಿಯರಲ್ಲಿ, ಮುಂದಕ್ಕೆ ನೋಡಿದರೆ ಅದರ ಹೆಣ್ಣುಮಕ್ಕಳಲ್ಲಿ.

ತಾಯಿಯ ಹಾಲು ನೋಡುವುದು ಒಳ್ಳೆಯದೇ, ಸಾಲದು. ಒಂದೇ ತಾಯಿಯ ಇಬ್ಬರು ಮಕ್ಕಳು ಒಂದೇ ಥರ ಇರುವುದಿಲ್ಲವಲ್ಲ. ಹೋರಿಯ ಹತ್ತಾರು ಹೆಣ್ಣುಮಕ್ಕಳು ಬೇರೆ ಬೇರೆ ರೈತರ ಮನೆಯಲ್ಲಿ ಎಷ್ಟು ಹಾಲು ಕೊಟ್ಟವೆಂದು ಅಳೆದು ನೋಡಿದರೆ ಮಾತ್ರ ಲೆಕ್ಕ ಗಟ್ಟಿಯಾಗುತ್ತದೆ. ಇದಕ್ಕೆ ಸಂತತಿ ಪರೀಕ್ಷೆ ಎನ್ನುತ್ತಾರೆ. ಹೋರಿಯ ವೀರ್ಯ ಹಾಕಿ, ಕರು ಹುಟ್ಟಿ, ಬೆಳೆದು, ಈದು, ಹಾಲು ಅಳೆಯುವ ಹೊತ್ತಿಗೆ ಐದಾರು ವರ್ಷ ಕಳೆದಿರುತ್ತದೆ. ಅಷ್ಟು ಕಾಯಲಾಗದೆ ಈಗ ಕರು ಇರುವಾಗಲೇ ರಕ್ತ ಅಥವಾ ಕೂದಲಿನ ಬುಡದಿಂದ ವಂಶವಾಹಿ ಪರೀಕ್ಷೆ ಮಾಡಿ ಅಂದಾಜು ಹಾಕುತ್ತಾರೆ. ನಮ್ಮ ದೇಶದ ದನಗಳಿಗೆಂದೇ ತಯಾರಾದ ‘ಗೌ ಚಿಪ್’, ಎಮ್ಮೆಗಳ ‘ಮಹಿಷ್ ಚಿಪ್’ 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದವು.

ಈ ಪರೀಕ್ಷೆಗಳಿಂದ ಬರುವ ಅಂಕಿಯೇ ‘ತಳಿ ಮೌಲ್ಯ’. ಅದನ್ನು ಓದುವುದು ಹೀಗೆ: ಒಂದು ಹೋರಿಯ ತಳಿ ಮೌಲ್ಯ 600 ಕಿಲೋ ಹಾಲು ಎಂದಿದ್ದರೆ ಮಗಳಿಗೆ ಸಿಗುವುದು ಅದರ ಅರ್ಧ. ಅಂದರೆ ಸರಾಸರಿಗಿಂತ ಒಂದು ಸೂಲಿಗೆ 300 ಕಿಲೋ ಹೆಚ್ಚು. ಉಳಿದ ಅರ್ಧ ತಾಯಿಯದು, ಅಂದರೆ ನಿಮ್ಮ ಆಕಳಿನದು. ಹಾಗಾಗಿ ಒಂದೇ ಹೋರಿಯಿಂದ ಒಂದೇ ತಲೆಮಾರಿನಲ್ಲಿ ಹಾಲು ಎರಡು ಪಟ್ಟಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜವಾರಿ ಆಕಳಿಗೆ ಮೊದಲ ಸಲ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಜಿಯನ್) ಅಥವಾ ಜರ್ಸಿ ಹಾಕಿದಾಗ ಮಾತ್ರ ಅಂಥ ಜಿಗಿತ ಕಾಣುತ್ತದೆ. ಆ ಜಿಗಿತ ಪ್ರತಿ ಸಲ ಬರುವುದಿಲ್ಲ.

ತಾಯಿಯ ಹಾಲು ಕೇಳುವಾಗ ಇನ್ನೊಂದು ಎಚ್ಚರ. ‘ಇದರ ತಾಯಿ 25 ಲೀಟರ್ ಕೊಡ್ತಿತ್ತು’ ಎಂದರೆ ಅದು ಒಂದು ದಿನದ, ಅದೂ ಒಳ್ಳೆಯ ದಿನದ ಲೆಕ್ಕ. ಕೇಳಬೇಕಾದದ್ದು 305 ದಿನದ ಸೂಲಿನ ಒಟ್ಟು ಹಾಲು. ಅಂದಾಜಿಗೆ ಒಂದು ಹಳೆಯ ಸೂತ್ರ ಇದೆ: ಈದ ಒಂದೂವರೆ-ಎರಡು ತಿಂಗಳಲ್ಲಿ ಆಕಳು ಏರುವ ಗರಿಷ್ಠ ಹಾಲನ್ನು 200ರಿಂದ ಗುಣಿಸಿದರೆ ಸೂಲಿನ ಹಾಲು ಹೆಚ್ಚು ಕಡಿಮೆ ಸಿಗುತ್ತದೆ. 12 ಲೀಟರಿಗೆ ಏರಿದ ಆಕಳಿಗೆ ಸುಮಾರು 2,400 ಲೀಟರ್. ನಿಮ್ಮ ಆಕಳಿನ ಲೆಕ್ಕ ಮೊದಲು ಹೀಗೆ ಹಾಕಿಕೊಳ್ಳಿ. ಎಲ್ಲಿ ನಿಂತಿದ್ದೇವೆಂದು ಗೊತ್ತಾಗದೆ ಎಲ್ಲಿಗೆ ಹೋಗಬೇಕೆಂದು ಹೋರಿಯನ್ನು ಕೇಳಿ ಏನು ಪ್ರಯೋಜನ?

ಎರಿ ಹೊಲಕ್ಕೊಂದು, ಹೊಳೆದಂಡೆಗೊಂದು

ಎಚ್‌ಎಫ್ ಆಕಳಿಗೆ ಹಾಲು ಹೆಚ್ಚು, ಕೊಬ್ಬು ಶೇ. 3.5ರ ಆಸುಪಾಸು. ಜರ್ಸಿಗೆ ಹಾಲು ಕಡಿಮೆ, ಕೊಬ್ಬು ಶೇ. 4.5ರಿಂದ 5. ಡೇರಿಯಲ್ಲಿ ಹಾಲಿಗೆ ದುಡ್ಡು ಬರುವುದು ಲೀಟರಿನ ಜೊತೆಗೆ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿಯೇ. ಆಕಳ ಹಾಲಿಗೆ ಡೇರಿ ಕೇಳುವುದು 3.5 ಫ್ಯಾಟ್, 8.5 ಎಸ್‌ಎನ್‌ಎಫ್. ಅದಕ್ಕಿಂತ ಕೆಳಗೆ ಇಳಿದರೆ ರೇಟೂ ಇಳಿಯುತ್ತದೆ. ಎಚ್‌ಎಫ್ ರಕ್ತ ಹೆಚ್ಚಾಗಿ, ಮೇವು ಕಡಿಮೆಯಾದ ಮನೆಗಳಲ್ಲಿ ‘ಹಾಲು ನೀರಾಗೇತಿ’ ಎಂಬ ದೂರು ಕೇಳಿಬರುವುದು ಇದಕ್ಕೇ. ಕೊಬ್ಬಿನ ಅಂಶ ವಂಶದಿಂದ ಬಲವಾಗಿ ಬರುವ ಗುಣ. ಆಕಳುಗಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ತಳಿಯದೇ. ಹಾಲಿನ ಪ್ರಮಾಣದಲ್ಲಿ ತಳಿಯ ಪಾಲು ಕಾಲುಭಾಗದಷ್ಟು. ಹಾಗಾಗಿ ಫ್ಯಾಟು ಸದಾ ಕಡಿಮೆ ಬರುವ ಆಕಳಿಗೆ ಮುಂದಿನ ಸಲ ಕೊಬ್ಬಿನ ತಳಿ ಮೌಲ್ಯ ಚೆನ್ನಾಗಿರುವ ಹೋರಿ ಹಾಕಿಸಿದರೆ ಮಗಳಲ್ಲಿ ಫಲ ಕಾಣುತ್ತದೆ.

ಎಚ್‌ಎಫ್ ಆರಿಸುವ ಮೊದಲು ಮೇವಿನ ಲೆಕ್ಕ ಹಾಕಿ. ದೊಡ್ಡ ಮೈಯ ಎಚ್‌ಎಫ್ ಮಿಶ್ರತಳಿ ಆಕಳಿಗೆ ದಿನಕ್ಕೆ 25-30 ಕಿಲೋ ಹಸಿ ಮೇವು, ನಾಲ್ಕೈದು ಕಿಲೋ ಒಣ ಮೇವು, ಮೈ ಹಿಡಿಯಲು ಒಂದರಿಂದ ಒಂದೂವರೆ ಕಿಲೋ ಹಿಂಡಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಹಿಂಡಿ ಬೇಕು. ಬೇಸಿಗೆಯಲ್ಲಿ ನೂರು ಲೀಟರ್ ಹತ್ತಿರ ನೀರು. ಹೊಳೆದಂಡೆಯಲ್ಲಿ ಹತ್ತು ಗುಂಟೆ ನೇಪಿಯರ್ ಹುಲ್ಲು ಹಾಕಿಕೊಂಡವರಿಗೆ, ಮೆಕ್ಕೆಜೋಳದ ದಂಟು ಕತ್ತರಿಸಿ ಹಾಕುವವರಿಗೆ ಇದು ಆಗುವ ಮಾತು. ಕಬ್ಬಿನ ಸೀಮೆಯಲ್ಲಿ ಸೋಗೆಯನ್ನೇ ನಂಬಿಕೊಂಡವರು ಮಾತ್ರ ಜೋಪಾನ: ಅದರಲ್ಲಿನ ಆಕ್ಸಲೇಟ್ ಅಂಶ ಕ್ಯಾಲ್ಸಿಯಂ ದಕ್ಕಲು ಬಿಡುವುದಿಲ್ಲ. ಖನಿಜ ಮಿಶ್ರಣ ಕೊಡದೆ ಬರೀ ಸೋಗೆ ತಿನ್ನಿಸಿದರೆ ಎಂಥ ಹೋರಿಯ ಮಗಳಾದರೂ ಸೊರಗುತ್ತಾಳೆ.

ಇನ್ನು ಬಿಸಿಲು. ಗದಗ ಜಿಲ್ಲೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಶುದ್ಧ ಎಚ್‌ಎಫ್ ಆಕಳು 25-27 ಡಿಗ್ರಿ ದಾಟಿದರೇ ಮೇವು ಕಡಿಮೆ ಮಾಡಿ ತೇಕಲು ಶುರು ಮಾಡುವ ಪ್ರಾಣಿ. ಅದರ ರಕ್ತ ಹೆಚ್ಚಾದಷ್ಟೂ ಬಿಸಿಲಿನ ಪೆಟ್ಟು, ಕೆಚ್ಚಲು ಬಾವು, ಗಬ್ಬ ನಿಲ್ಲದಿರುವುದು ಹೆಚ್ಚು. ರಕ್ತದ ಲೆಕ್ಕ ಸುಲಭ. ಜವಾರಿ ಆಕಳಿಗೆ ಎಚ್‌ಎಫ್ ಹಾಕಿದರೆ ಕರು ಶೇ. 50 ವಿದೇಶಿ. ಆ ಮಗಳಿಗೆ ಮತ್ತೆ ಶುದ್ಧ ಎಚ್‌ಎಫ್ ಹಾಕಿದರೆ 75. ಅದರ ಮಗಳಿಗೂ ಅದನ್ನೇ ಹಾಕಿದರೆ 87.5. ಯಾರೂ ಬೇಕೆಂದು ಮಾಡಿದ್ದಲ್ಲ. ‘ಚಲೋ ಹೋರೀದು ಹಾಕ್ರಿ’ ಎನ್ನುತ್ತಲೇ ಮೂರು ತಲೆಮಾರಿನಲ್ಲಿ ನಮ್ಮ ಹಟ್ಟಿಗಳು ಇಲ್ಲಿಗೆ ಬಂದು ನಿಂತಿವೆ. ಸಾಮಾನ್ಯ ರೈತನ ಮನೆಯಲ್ಲಿ ವಿದೇಶಿ ರಕ್ತ 50ರಿಂದ 62.5ರ ನಡುವೆ ಇದ್ದರೆ ಸಾಕೆಂಬುದು ತಳಿತಜ್ಞರು ಬಹುಕಾಲದಿಂದ ಹೇಳುತ್ತಿರುವ ಮಾತು. 75ಕ್ಕೆ ಏರಿದ ಆಕಳನ್ನು ಇಳಿಸಬೇಕಾದರೆ ಶೇ. 50ರ ಮಿಶ್ರತಳಿ ಹೋರಿ ಹಾಕಿಸಬೇಕು, ಕರು 62.5ಕ್ಕೆ ಬರುತ್ತದೆ. ಗಿರ್ ಅಥವಾ ಸಾಹಿವಾಲ್ ಹಾಕಿದರೆ 37.5ಕ್ಕೆ ಇಳಿಯುತ್ತದೆ; ಬಿಸಿಲು ತಡೆಯುವ ಗಟ್ಟಿ ಆಕಳು, ಹಾಲು ತುಸು ಕಡಿಮೆ. ನೀರಿಲ್ಲದ ಎರಿ ಹೊಲದವರಿಗೆ ಇದು ನಷ್ಟದ ಬಾಬತ್ತೇನಲ್ಲ. ಎ2 ಹಾಲೆಂದು ಹೆಚ್ಚಿನ ರೇಟು ಸಿಗುತ್ತದೆಂಬ ಆಸೆಗೆ ಗಿರ್ ಹಾಕಿಸುವವರು ಮಾತ್ರ ಕೊಳ್ಳುವವರನ್ನು ಮೊದಲು ಹುಡುಕಿಕೊಳ್ಳಲಿ. ಡೇರಿ ಎ2 ಎಂದು ರೇಟು ಕೊಡುವುದಿಲ್ಲ.

ಬಿತ್ತನೆಗೆ, ಹರಗಲು ಇನ್ನೂ ಎತ್ತನ್ನೇ ನೆಚ್ಚಿಕೊಂಡ ಮನೆಯಿದ್ದರೆ ಅಲ್ಲಿನ ಜವಾರಿ ಆಕಳಿಗೆ ಖಿಲಾರಿ ಹೋರಿಯೇ ಸರಿ. ಕೃಷ್ಣಾ ಕಣಿವೆಯ ಎರಿ ಮಣ್ಣಿಗೆಂದೇ 19ನೇ ಶತಮಾನದಲ್ಲಿ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು ಗಿರ್, ಓಂಗೋಲ್, ಕಾಂಕ್ರೇಜ್ ರಕ್ತ ಬೆರೆಸಿ ಬೆಳೆಸಿದ ಕೃಷ್ಣಾ ತಳಿ ಈಗ ಹುಡುಕಿದರೂ ಸಿಗುವುದು ಕಷ್ಟ. ಟ್ರ್ಯಾಕ್ಟರ್ ಬಂದ ಮೇಲೆ ಅದರ ಹೋರಿ ಸಾಕುವವರೇ ಇಲ್ಲವಾದರು.

ಕಡ್ಡಿಯ ಮೇಲಿನ ಅಚ್ಚು

ಭಾರತದಲ್ಲಿ ಕೃತಕ ಗರ್ಭಧಾರಣೆ ಶುರುವಾದದ್ದು ನಮ್ಮ ರಾಜ್ಯದಲ್ಲೇ. 1939ರಲ್ಲಿ ಮೈಸೂರು ಅರಮನೆಯ ಡೇರಿ ಫಾರಂನಲ್ಲಿ ಡಾ. ಸಂಪತ್‌ಕುಮಾರನ್ ಅವರು ಹಳ್ಳಿಕಾರ್ ಆಕಳುಗಳಿಗೆ ಹಾಲ್‌ಸ್ಟೀನ್ ಹೋರಿಯ ವೀರ್ಯ ಹಾಕಿ ಗಬ್ಬ ನಿಲ್ಲಿಸಿದರು. ಅಂದು ತಾಜಾ ವೀರ್ಯ. ಇಂದು ಅದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಕೊಂಡು ವರ್ಷಗಟ್ಟಲೆ ಇರುತ್ತದೆ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಸಂಸ್ಥೆಯೂ ಇದೆ, ಕೆಎಂಎಫ್‌ನ ನಂದಿನಿ ವೀರ್ಯ ಕೇಂದ್ರವೂ ಇದೆ.

ಊರ ಹೋರಿ ವರ್ಷಕ್ಕೆ ಐವತ್ತು-ಅರವತ್ತು ಆಕಳಿಗೆ ಸಾಕಾಗಬಹುದು. ವೀರ್ಯ ಕೇಂದ್ರದ ಹೋರಿಯಿಂದ ಒಂದು ಸಲ ತೆಗೆದ ವೀರ್ಯದಲ್ಲೇ ಇನ್ನೂರು-ಮುನ್ನೂರು ಕಡ್ಡಿ ತುಂಬುತ್ತಾರೆ. ಒಳ್ಳೆಯ ಹೋರಿ ಊರೂರಿಗೆ ತಲುಪುವುದು ಹೀಗೆ. ಕೆಟ್ಟದ್ದು ತಲುಪುವುದೂ ಹೀಗೆಯೇ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಪಾನಿ ಫಾರ್ಮ್ ಅರ್ಲಿಂಡಾ ಚೀಫ್’ ಎಂಬ ಹಾಲ್‌ಸ್ಟೀನ್ ಹೋರಿಗೆ 16 ಸಾವಿರ ಹೆಣ್ಣುಮಕ್ಕಳು, 5 ಲಕ್ಷ ಮೊಮ್ಮಕ್ಕಳು. ಹಾಲಿನಲ್ಲಿ ಅದು ತಂದ ಲಾಭಕ್ಕೆ ಲೆಕ್ಕವಿಲ್ಲ. ಆದರೆ ಅದರ ರಕ್ತದಲ್ಲಿ ಒಂದು ದೋಷ ಅಡಗಿತ್ತು. ಅಪ್ಪ, ಅವ್ವ ಇಬ್ಬರ ಕಡೆಯಿಂದಲೂ ಆ ದೋಷ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತಿತ್ತು. ವಂಶವಾಹಿ ಪರೀಕ್ಷೆಯಿಂದ ಅದರ ಜಾಡು ಸಿಕ್ಕಿದ್ದು 2011ರಲ್ಲಿ. ಅಷ್ಟರೊಳಗೆ ಜಗತ್ತಿನಾದ್ಯಂತ ಸುಮಾರು 5 ಲಕ್ಷ ಗರ್ಭ ಹೋಗಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮ್ಮ ವೀರ್ಯ ಕೇಂದ್ರಗಳು ಹೋರಿಗಳಿಗೆ ಬ್ಲಾಡ್, ಸಿಟ್ರುಲಿನೀಮಿಯಾದಂಥ ವಂಶದೋಷಗಳ ಪರೀಕ್ಷೆ, ಕ್ರೋಮೊಸೋಮ್ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಇವುಗಳ ಜೊತೆಗೆ ಕ್ಷಯ, ಕಂದುರೋಗ, ಜೋನ್ಸ್ ರೋಗ, ಐಬಿಆರ್, ಟ್ರೈಕೊಮೊನಿಯಾಸಿಸ್, ಕ್ಯಾಂಪಿಲೊಬ್ಯಾಕ್ಟರ್ ಪರೀಕ್ಷೆಗಳೂ ನಿಯತವಾಗಿ ನಡೆಯಬೇಕು. ಹೆಸರು ಗೊತ್ತಿಲ್ಲದ ಕಡೆಯಿಂದ ಅಗ್ಗಕ್ಕೆ ಬಂದ ಕಡ್ಡಿಗೆ ಈ ಯಾವ ಖಾತರಿಯೂ ಇರುವುದಿಲ್ಲ.

ವೀರ್ಯದ ಕಡ್ಡಿ ಗೇಣಿಗಿಂತ ಚಿಕ್ಕದು, ಒಳಗಿರುವುದು ಕಾಲು ಮಿಲಿಲೀಟರ್. ಮೇಲ್ಮೈಯಲ್ಲಿ ಇರುವೆ ಸಾಲಿನಂತೆ ಒಂದು ಸಾಲು ಅಚ್ಚು. ಅದರಲ್ಲಿ ವೀರ್ಯ ಕೇಂದ್ರದ ಗುರುತು, ತಳಿ, ಹೋರಿಯ ನಂಬರ್, ತೆಗೆದ ದಿನಾಂಕ ಅಥವಾ ಬ್ಯಾಚ್ ಇರುತ್ತದೆ. ತಳಿಗೊಂದು ಬಣ್ಣದ ಕಡ್ಡಿ ಇರುವುದು ನಿಜ. ಆದರೆ ಬಣ್ಣ ನೋಡಿ ಸುಮ್ಮನಾಗದೆ ಅಚ್ಚು ಓದಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಖಾಲಿ ಕಡ್ಡಿಯನ್ನು ಕಸಕ್ಕೆ ಎಸೆಯಲು ಬಿಡದೆ ಕೇಳಿ ತೆಗೆದುಕೊಳ್ಳಿ. ನಂಬರನ್ನು ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಬರೆದಿಡಿ. ಮೊಬೈಲಿನಲ್ಲಿ ಫೋಟೊ ತೆಗೆದರೂ ಆಯಿತು. ಕಿವಿಯೋಲೆಯ 12 ಅಂಕಿಯ ನಂಬರ್ ಹೇಳಿ ‘ಭಾರತ್ ಪಶುಧನ್’ ಆ್ಯಪ್‌ನಲ್ಲಿ ಆ ಇಂಜೆಕ್ಷನ್ ದಾಖಲಾಯಿತೇ ಎಂದೂ ಕೇಳಿ. ‘ಯಾವ ಹೋರೀದು ಹಾಕಿದ್ರಿ?’ ಎಂದು ಕೇಳಿದರೆ ಸಿಟ್ಟಾಗುವ ಸಿಬ್ಬಂದಿ ಅಪರೂಪ. ಕೇಳುವ ರೈತನಿಗೆ ಕಡ್ಡಿ ಆರಿಸಿ ತರುವವರೇ ಹೆಚ್ಚು.

ನಂಬರ್ ಬರೆದಿಡುವುದರ ದೊಡ್ಡ ಲಾಭ ಮೂರು ವರ್ಷ ಕಳೆದ ಮೇಲೆ. ಹುಟ್ಟಿದ ಮಣಕ ಮೊದಲ ಸಲ ಹೀಟಿಗೆ ಬಂದಾಗ ಅಪ್ಪನ ನಂಬರ್ ಗೊತ್ತಿದ್ದರೆ ಅದೇ ಹೋರಿಯ ಕಡ್ಡಿ ಮತ್ತೆ ಬೀಳದಂತೆ ನೋಡಿಕೊಳ್ಳಬಹುದು. ಅಪ್ಪ-ಮಗಳ ಕೂಡಿಕೆಯಲ್ಲಿ ಕರು ಸಣ್ಣದಾಗುವುದು, ಸಾಯುವುದು, ಹಾಲು ಇಳಿಯುವುದು ಎಲ್ಲ ಇದೆ. ಹೆಸರಘಟ್ಟದಲ್ಲಿ ಹೋರಿ ಸತ್ತು ಎಷ್ಟೋ ವರ್ಷವಾದರೂ ಅದರ ಕಡ್ಡಿ ಕ್ಯಾನಿನಲ್ಲಿ ಇರುತ್ತದೆ ಎಂಬುದು ನೆನಪಿರಲಿ.

ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಎರಡು ಮೂರು ಇಂಜೆಕ್ಷನ್ ಆದರೂ ಗಬ್ಬ ನಿಲ್ಲದಿದ್ದಾಗ ‘ಹೋರಿ ಸರಿ ಇಲ್ಲ’ ಎನ್ನುತ್ತೇವೆ. ಗಬ್ಬ ನಿಲ್ಲುವ ಗುಣದಲ್ಲಿ ವಂಶದ ಪಾಲು ನೂರಕ್ಕೆ ಐದರೊಳಗೆ. ಉಳಿದದ್ದು ಮೇವು, ಖನಿಜ, ಗರ್ಭಕೋಶದ ಆರೋಗ್ಯ, ಸಮಯ ಮತ್ತು ಕೈಚಳಕ. ಆಕಳು ಬೆಳಿಗ್ಗೆ ಹೀಟಿಗೆ ಬಂದರೆ ಅಂದು ಸಂಜೆ, ಸಂಜೆ ಬಂದರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್. ಬೇರೆ ದನದ ಮೇಲೆ ತಾನು ಹಾರುವುದಕ್ಕಿಂತ, ಬೇರೆಯದು ಹಾರಿದಾಗ ಸರಿಯದೆ ನಿಲ್ಲುವುದೇ ಖಾತ್ರಿ ಗುರುತು. ಕಡ್ಡಿಯನ್ನು 37 ಡಿಗ್ರಿಯ ಬಿಸಿನೀರಿನಲ್ಲಿ 30 ಸೆಕೆಂಡ್ ಇಟ್ಟು ಕರಗಿಸಿ, ಒರೆಸಿ, ತಡಮಾಡದೆ ಹಾಕಬೇಕು. ಅಂಗೈಯಲ್ಲಿ ಉಜ್ಜಿ, ಅಂಗಿ ಕಿಸೆಯಲ್ಲಿಟ್ಟು ಕರಗಿಸಿದರೆ ಒಳಗಿನ 2 ಕೋಟಿ ವೀರ್ಯಾಣುವಿನಲ್ಲಿ ಉಳಿಯುವುದೆಷ್ಟು? ಕೈಕಾಲು ತೊಳೆಯಲು ನೀರು ಕೊಡುವಾಗಲೇ ಒಂದು ಲೋಟ ಉಗುರು ಬೆಚ್ಚಗಿನ ನೀರನ್ನೂ ತಂದಿಡಿ. ಥರ್ಮಾಮೀಟರ್ ಇಂಜೆಕ್ಷನ್ ಹಾಕುವವರ ಬಳಿ ಇರುತ್ತದೆ. 21 ದಿನಕ್ಕೆ ಮತ್ತೆ ಹೀಟು ಬಂತೇ ಎಂದು ನೋಡಿ. ಬರದಿದ್ದರೂ ಎರಡು-ಮೂರು ತಿಂಗಳಿಗೆ ಕೈಹಾಕಿಸಿ ಪರೀಕ್ಷೆ ಮಾಡಿಸಿ.

ಮಣಕಕ್ಕೆ ಬೇರೆ ಹೋರಿ

ಮೊದಲ ಸಲ ಗಬ್ಬ ಆಗುವ ಮಣಕಕ್ಕೆ ಹಾಲಿಗಿಂತ ಮೊದಲು ಈಯುವ ಸಲೀಸು ನೋಡಬೇಕು. ಎಚ್‌ಎಫ್ ಕರು ಹುಟ್ಟುವಾಗ 35-40 ಕಿಲೋ ತೂಗುತ್ತದೆ. ಜರ್ಸಿ ಕರು 25ರ ಆಸುಪಾಸು. ಸಣ್ಣ ಮೈಯ ಮಣಕಕ್ಕೆ ದೊಡ್ಡ ಎಚ್‌ಎಫ್ ಹೋರಿ ಹಾಕಿಸಿ, ರಾತ್ರಿಯಿಡೀ ಕರು ಎಳೆದು, ಕೊನೆಗೆ ಕರುವೂ ಇಲ್ಲ ತಾಯಿಯೂ ಎದ್ದು ನಿಲ್ಲಲಿಲ್ಲ ಎಂಬ ಕತೆ ಪ್ರತಿ ಊರಲ್ಲೂ ಒಂದಿದೆ. ಮಣಕಕ್ಕೆ ಜರ್ಸಿ, ಇಲ್ಲವೇ ಈಯುವಾಗ ತೊಂದರೆ ಕೊಡದ ಹೋರಿ ಎಂದು ದಾಖಲಾದದ್ದನ್ನೇ ಕೇಳಿ. ಮಿಶ್ರತಳಿ ಮಣಕದ ಮೈ ಕಡೆಪಕ್ಷ 250 ಕಿಲೋ ತುಂಬುವವರೆಗೆ ಹೀಟು ಬಂದರೂ ಕಾಯುವುದು ಲೇಸು.

ಹೆಣ್ಣು ಕರುವೇ ಬೇಕೆನ್ನುವವರಿಗೆ ಲಿಂಗ ನಿರ್ಧರಿತ ವೀರ್ಯ ಇದೆ. ಹೆಣ್ಣಿನ ವೀರ್ಯಾಣುವಿನಲ್ಲಿ ಡಿಎನ್‌ಎ ಗಂಡಿನದಕ್ಕಿಂತ ಶೇ. 4ರಷ್ಟು ಹೆಚ್ಚು, ಯಂತ್ರ ಆ ವ್ಯತ್ಯಾಸ ಹಿಡಿದು ಬೇರ್ಪಡಿಸುತ್ತದೆ. ನೂರರಲ್ಲಿ ತೊಂಬತ್ತು ಹೆಣ್ಣು ಹುಟ್ಟುತ್ತವೆ. ರಾಷ್ಟ್ರೀಯ ಗೋಕುಲ್ ಮಿಷನ್‌ನಲ್ಲಿ ಇದಕ್ಕೆ ಸಹಾಯಧನ ಇದೆ. ಆದರೆ ಈ ಕಡ್ಡಿಯಲ್ಲಿ ವೀರ್ಯಾಣು ಸಾಮಾನ್ಯ ಕಡ್ಡಿಗಿಂತ ಬಹಳ ಕಡಿಮೆ ಇರುವುದರಿಂದ ಗಬ್ಬ ನಿಲ್ಲುವುದೂ ಕಡಿಮೆ. ಮೈತುಂಬಿದ, ಹೀಟು ಸ್ಪಷ್ಟವಾಗಿರುವ ಮಣಕಕ್ಕೆ, ಮೊದಲ ಎರಡು ಇಂಜೆಕ್ಷನ್‌ಗೆ ಇದನ್ನು ಬಳಸಿ. ಮೂರು ಸಲ ತಿರುಗಿದ ಆಕಳಿಗೆ ಹಾಕಿ ದುಡ್ಡು ಕಳೆಯಬೇಡಿ. ಹೆಣ್ಣು ಕರು ಹಗುರ ಇರುವುದರಿಂದ ಈಯಲೂ ಅನುಕೂಲ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಮಿಶ್ರತಳಿ ಗಂಡುಕರುವನ್ನು ಏನು ಮಾಡುವುದೆಂಬ ಚಿಂತೆ ಸಣ್ಣ ರೈತರಿಗೆ ಹೆಚ್ಚಿದೆ. ಈ ವೀರ್ಯಕ್ಕೆ ಬೇಡಿಕೆ ಏರಲು ಅದೂ ಒಂದು ಕಾರಣ.

ಊರ ಹೋರಿಯನ್ನೇ ಬಿಡುವುದಾದರೆ

ಡಾಕ್ಟರು ದೂರ, ಹೀಟು ರಾತ್ರಿ ಬಂತು, ಇಂಜೆಕ್ಷನ್ ನಿಲ್ಲುತ್ತಿಲ್ಲ. ಹೀಗೆ ಹೋರಿ ಬಿಡಿಸುವವರು ಈಗಲೂ ಇದ್ದಾರೆ. ದೇವರಿಗೆ ಬಿಟ್ಟ ಬಸವ ಊರಲ್ಲಿ ಅಡ್ಡಾಡುತ್ತಿದ್ದರೆ ಯಾರನ್ನೂ ಕೇಳದೆ ಆ ಕೆಲಸ ಮುಗಿದೂ ಹೋಗುತ್ತದೆ. ನಾನು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಮುಖ್ಯವಾಗಿ ರೋಗದ ಕಾರಣಕ್ಕೆ. ಟ್ರೈಕೊಮೊನಿಯಾಸಿಸ್, ಕ್ಯಾಂಪಿಲೊಬ್ಯಾಕ್ಟರ್ ಹಿಡಿದ ಹೋರಿ ನೋಡಲು ಗುಂಡುಕಲ್ಲಿನ ಹಾಗೆ ಇರುತ್ತದೆ. ಅದು ಹಾರಿದ ಆಕಳುಗಳು ಮಾತ್ರ ಒಂದೊಂದಾಗಿ ತಿರುಗುತ್ತವೆ. ಕಂದುರೋಗ, ಅಂದರೆ ಬ್ರುಸೆಲ್ಲಾ, ಬಂದ ಆಕಳು ಆರೇಳು ತಿಂಗಳ ಮೇಲೆ ಕಂದು ಹಾಕುತ್ತದೆ. ಆ ಮಾಸು, ಹಾಲಿನ ಮೂಲಕ ಮನುಷ್ಯರಿಗೂ ಜ್ವರ, ಕೀಲುನೋವು ಅಂಟುತ್ತದೆ. ಮಾಸನ್ನು ಬರಿಗೈಯಲ್ಲಿ ಎಳೆಯಬೇಡಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಹಾಕುವ ಬ್ರುಸೆಲ್ಲಾ ಲಸಿಕೆ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ, ತಪ್ಪಿಸಬೇಡಿ. ಚರ್ಮಗಂಟು ರೋಗದಿಂದ ಎದ್ದ ಹೋರಿಯ ವೀರ್ಯದಲ್ಲಿ ಕೆಲಕಾಲ ವೈರಸ್ ಉಳಿಯಬಲ್ಲದು. 2022ರಲ್ಲಿ ಆ ರೋಗ ನಮ್ಮ ಜಿಲ್ಲೆಗಳನ್ನು ಹೇಗೆ ಹಿಂಡಿತೆಂದು ಯಾರಿಗೂ ಹೇಳಬೇಕಾಗಿಲ್ಲ.

ಆದರೂ ಹೋರಿ ಸಾಕಿಯೇ ತೀರುವವರು ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ತಾಯಿ ಬದುಕಿದ್ದರೆ ಹೋಗಿ ಅದರ ಕೆಚ್ಚಲು ನೋಡಿ: ಹೊಟ್ಟೆಗೆ ಅಂಟಿಕೊಂಡಿರಬೇಕು, ಮೊಣಕಾಲ ಕೀಲಿಗಿಂತ ಕೆಳಗೆ ಜೋತಿರಬಾರದು, ನಾಲ್ಕು ಮೊಲೆ ಒಂದೇ ಅಳತೆ. ಹಾಲು ಕರೆಯುವುದನ್ನು ನಿಂತು ನೋಡಿ. ಆಮೇಲೆ ಹೋರಿಯ ಹಿಂದೆ ನಿಂತುಕೊಳ್ಳಿ. ಎರಡೂ ಬೀಜ ಸಮ ಇರಬೇಕು, ಚೀಲದೊಳಗೆ ಸಡಿಲವಾಗಿ ಮೇಲೆ ಕೆಳಗೆ ಆಡಬೇಕು, ಮುಟ್ಟಿದರೆ ಗಟ್ಟಿ ಹತ್ತಬೇಕು. ಟೇಪಿನಿಂದ ಚೀಲದ ಅಗಲವಾದ ಕಡೆ ಸುತ್ತಳತೆ ತೆಗೆದಾಗ ಎರಡು ವರ್ಷದ ಮಿಶ್ರತಳಿ ಹೋರಿಗೆ 30 ಸೆಂ.ಮೀ. ಕೂಡ ಇಲ್ಲದಿದ್ದರೆ ಬಿಟ್ಟು ಬನ್ನಿ. ಈ ಸುತ್ತಳತೆ ದೊಡ್ಡದಿರುವ ಹೋರಿಯ ಹೆಣ್ಣುಮಕ್ಕಳು ಬೇಗ ಹೀಟಿಗೆ ಬರುತ್ತವೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೀಜ ಒಂದೇ ಇಳಿದ ಹೋರಿ ಎಷ್ಟೇ ಚೆಂದ ಇರಲಿ, ಬೇಡ. ಆ ದೋಷ ವಂಶಕ್ಕೆ ಹರಿಯುತ್ತದೆ. ಕಲ್ಲುನೆಲದ ಮೇಲೆ ನಡೆಸಿ ಹಿಂಗಾಲು, ಗೊರಸು ನೋಡಿ. ಹಾರುವಾಗ ಮೈಭಾರ ಬೀಳುವುದು ಹಿಂಗಾಲಿನ ಮೇಲೆ.

ಎಳೆಯ ಹೋರಿಯನ್ನು ವಾರಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬಿಡಬೇಡಿ. ಮೂರು ವರ್ಷಕ್ಕೆ ಬೇರೆ ಊರಿನ ಹೋರಿಯೊಂದಿಗೆ ಅದಲು ಬದಲು ಮಾಡಿ, ಇಲ್ಲದಿದ್ದರೆ ಅದರ ಮಕ್ಕಳೇ ಅದರ ಮುಂದೆ ಬಂದು ನಿಲ್ಲುತ್ತವೆ. ದೇವರಿಗೆ ಹೋರಿ ಬಿಡುವ ಹರಕೆ ಇದ್ದವರಿಗೂ ಒಂದು ಮಾತು: ಬಿಡುವುದಾದರೆ ಮನೆಯ ಅತಿ ಒಳ್ಳೆಯ ಆಕಳಿನ ಕರುವನ್ನು, ಪರೀಕ್ಷೆ ಮಾಡಿಸಿ ಬಿಡಿ. ಮಾರಾಟವಾಗದ್ದನ್ನು ದೇವರ ತಲೆಗೆ ಕಟ್ಟಿದರೆ ಅದರ ಫಲ ಉಣ್ಣುವುದು ಊರೇ.

ಎಮ್ಮೆಯ ಮಾತು

ಹೈನು ಎಂದರೆ ನಮ್ಮ ಕಡೆ ಎಮ್ಮೆ ಇಲ್ಲದೆ ಮುಗಿಯುವುದಿಲ್ಲ. ಕೋಣ ಆರಿಸುವ ವಿಷಯದಲ್ಲಿ ಆಕಳಿಗಿಂತ ಹೆಚ್ಚು ಉದಾಸೀನ ಇದೆ. ಊರಲ್ಲಿ ಒಂದೇ ಕೋಣ, ಅದೇ ಎಲ್ಲ ಎಮ್ಮೆಗೂ. ನಮ್ಮ ಕರಿ ಜವಾರಿ ಎಮ್ಮೆಗೆ 2021ರಲ್ಲಿ ‘ಧಾರವಾಡಿ’ ಎಂಬ ಹೆಸರಲ್ಲಿ ರಾಷ್ಟ್ರೀಯ ತಳಿ ನೋಂದಣಿ ಸಿಕ್ಕಿತು. ಧಾರವಾಡ ಪೇಡೆಯ ಹಿಂದೆ ಇರುವುದು ಇದರದೇ ಹಾಲು, ಗದಗ ಜಿಲ್ಲೆಯೂ ಇದರ ಸೀಮೆಯೊಳಗೆ ಬರುತ್ತದೆ. ಒಂದು ಸೂಲಿಗೆ ಸಾವಿರ ಕಿಲೋ ಹತ್ತಿರ ಹಾಲು, ಕೊಬ್ಬು ಶೇ. 7ರ ಆಸುಪಾಸು. ಒಣ ಕಣಕಿ, ಹೊಟ್ಟು ತಿಂದು ಬಿಸಿಲಲ್ಲಿ ಬದುಕುವ ಪ್ರಾಣಿಗೆ ಇದು ಕಡಿಮೆಯೇನಲ್ಲ. ಮುರ್‍ರಾ ಹಾಕಿದರೆ ಹಾಲು ಏರುತ್ತದೆ, ಜೊತೆಗೆ ಮೇವೂ ಏರುತ್ತದೆ. ಹೊಳೆದಂಡೆಯವರಿಗೆ ಮುರ್‍ರಾ, ಎರಿ ಹೊಲದವರಿಗೆ ಒಳ್ಳೆಯ ಧಾರವಾಡಿ ಕೋಣ ಅಥವಾ ಸುರ್ತಿ ಎಂಬುದು ನನ್ನ ಲೆಕ್ಕ.

ಎಮ್ಮೆಯ ಹೀಟು, ಅದರಲ್ಲೂ ಬೇಸಿಗೆಯಲ್ಲಿ, ಮೂಕ. ಕೂಗುವುದಿಲ್ಲ, ಹಾರುವುದಿಲ್ಲ, ಲೋಳೆಯೂ ಕಡಿಮೆ. ಇಂಜೆಕ್ಷನ್ ಸಮಯ ತಪ್ಪುವುದು ಅದಕ್ಕೇ. ನಸುಕಿನಲ್ಲಿ ಸಗಣಿ ಬಳಿಯಲು ಹೋದಾಗ ಬಾಲದ ಬುಡ ನೋಡುವುದು, ಮಧ್ಯಾಹ್ನ ಹೊಳೆಗೆ ಇಳಿಸಿ ಮೈ ತಣಿಸುವುದು, ಈ ಎರಡರಲ್ಲೇ ಅರ್ಧ ಎಮ್ಮೆಗಳ ಹೀಟು ಕೈಗೆ ಸಿಗುತ್ತದೆ. ಊರೊಳಗಿನ ಕೋಣವನ್ನೇ ನೆಚ್ಚಬೇಕಾದರೆ ನಾಲ್ಕೈದು ಮನೆಯವರು ಸೇರಿ, ಡೇರಿಯ ಪುಸ್ತಕ ತೆಗೆದು, ಹಿಂದಿನ ಸೂಲಿನಲ್ಲಿ ಹಾಲೂ ಫ್ಯಾಟೂ ಹೆಚ್ಚು ಕೊಟ್ಟ ಎಮ್ಮೆ ಯಾರದೆಂದು ನೋಡಿ, ಅದರ ಗಂಡುಕರುವನ್ನು ಹಾಲು ಬಿಡಿಸದೆ ಬೆಳೆಸಲು ಅವರಿಗೆ ಒಂದಿಷ್ಟು ದುಡ್ಡು ಕೊಡಿ. ಗಂಡುಕರು ಎಂದರೆ ಹಾಲು ತಪ್ಪಿಸಿ ಸೊರಗಿಸುವುದೇ ರೂಢಿಯಾಗಿರುವುದರಿಂದ ಊರಿನ ಅತ್ಯುತ್ತಮ ಎಮ್ಮೆಯ ಮಗ ಎಂದೂ ಕೋಣನಾಗುವುದೇ ಇಲ್ಲ. ಇಂಜೆಕ್ಷನ್ ಬೇಕಾದವರು ಹೀಟಿನ ಹೊತ್ತಿಗೆ ಫೋನ್ ಮಾಡುವ ಬದಲು ಒಂದು ತಿಂಗಳ ಮೊದಲೇ ದವಾಖಾನೆಗೆ ಹೋಗಿ, ಕ್ಯಾನಿನಲ್ಲಿ ಯಾವ ಯಾವ ಕಡ್ಡಿ ಇವೆ, ಬೇಕಾದದ್ದನ್ನು ತರಿಸಿಡಬಹುದೇ ಎಂದು ಕೇಳಿ ಬರಲಿ. ಈಯುವಾಗ ತೊಡಕಾದರೆ, ಕಾಯಿಲೆ ಬಿದ್ದರೆ ಪಶು ಸಂಜೀವಿನಿಯ ನಂಬರ್ 1962. ಅದನ್ನೂ ಅದೇ ಕ್ಯಾಲೆಂಡರಿನ ಮೇಲೆ ಬರೆದಿಡಿ.